ಕುಶಾಲನಗರ ಬೆಳೆದಿದ್ದು ಹೇಗೆ? ಸೈಟು ಕೊಳ್ಳುವವರು ಗಮನಿಸಬೇಕಾದ್ದೇನು?

ಕೊಡಗಿನ ಜಿಲ್ಲಾ ಕೇಂದ್ರ ಮಡಿಕೇರಿ. ಆದರೆ ಮನೆ, ಅಂಗಡಿ, ಬಡಾವಣೆಗಳು ಜೋರಾಗಿ ಏಳುತ್ತಿರುವುದು ಅಲ್ಲಿಂದ ಸುಮಾರು 30 ಕಿ.ಮೀ. ದೂರದ ಕುಶಾಲನಗರದಲ್ಲಿ. ಮುಖ್ಯ ಕಾರಣ ಜಾಗ. ಮಡಿಕೇರಿ ಗುಡ್ಡದ ಊರು, ಇಲ್ಲಿ ನೆಲ ಸಮತಟ್ಟು.

ಬ್ರಿಟಿಷರ ಕಾಲದಲ್ಲಿ ಫ್ರೇಸರ್‌ಪೇಟೆ ಎನಿಸಿಕೊಂಡಿದ್ದ ಈ ಊರು ಮೈಸೂರು-ಮಡಿಕೇರಿ ಹೆದ್ದಾರಿಯಲ್ಲಿದೆ. ಜಿಲ್ಲೆಗೆ ರೈಲಿಲ್ಲ, ಸರಕೆಲ್ಲ ರಸ್ತೆಯಲ್ಲೇ ಬರಬೇಕು. ಹೊಳೆಯಾಚೆ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು, ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕಗಳು, ದುಬಾರೆ-ನಿಸರ್ಗಧಾಮಕ್ಕೆ ಬರುವ ಪ್ರವಾಸಿಗರು ಪೇಟೆಗೆ ವ್ಯಾಪಾರ ತಂದರು. ಈಚೆಗೆ ಊರು ತಾಲ್ಲೂಕು ಕೇಂದ್ರವೂ ಆಯ್ತು.

ಸಮತಟ್ಟು ನೆಲದ ಇನ್ನೊಂದು ಮುಖ ಕಂಡಿದ್ದು 2018 ಮತ್ತು 2019ರ ಆಗಸ್ಟ್‌ನಲ್ಲಿ. ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು.

ಹಾಗಾಗಿ ಸೈಟು ಕೊಳ್ಳುವಾಗ ದರ ಒಂದೇ ನೋಡಿದರೆ ಸಾಲದು. ಭೂ ಪರಿವರ್ತನೆ ಆಗಿದೆಯೇ, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ ನೋಡಿ. ಆ ಎರಡು ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ. ಅದು ಕ್ರಯಪತ್ರದಲ್ಲಿ ಬರೆದಿರಲ್ಲ. ಗೋದಾಮು ಬಾಡಿಗೆಗೆ ಹಿಡಿಯುವ ವ್ಯಾಪಾರಿಗಳಿಗೂ ಇದೇ ಮಾತು.