ದೂರದ ಕಡತ

ಮಾತುಗಳೂ ಮನುಷ್ಯರಂತೆ ಮನೆ ಬದಲಾಯಿಸುತ್ತವೆ. 'ಕಡತ' ಎಂಬುದು ಅಂಥ ಒಂದು ಮಾತು. ಇಂದು ಗಣಕಯಂತ್ರದ ಒಳಗಿರುವ ಲೇಖಕ್ಕೆ ಕಡತವೆನ್ನುತ್ತೇವೆ. ಅದಕ್ಕೆ ಮೊದಲು ಕಚೇರಿಯಲ್ಲಿ ದಾರ ಹಾಕಿ ಕಟ್ಟಿದ ಕಾಗದದ ಕಟ್ಟು ಕಡತವಾಗಿತ್ತು. ಅದಕ್ಕೂ ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬಾತ, 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಉದ್ದನೆಯ ಬಟ್ಟೆಗೆ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿಯುವುದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸುವುದು, ಬಳಪದಿಂದ ಬರೆಯುವುದು. ಬರೆದದ್ದು ಬಹುಕಾಲ ಉಳಿಯುತ್ತಿತ್ತು. ಬೇಡವಾದರೆ ಒರೆಸಿ ಮತ್ತೆ ಬರೆಯಲೂ ಬಹುದಾಗಿತ್ತು.

ಕಡತವಿರುವುದು ಒಂದೂರಿನಲ್ಲಿ, ಅದನ್ನು ಬೇಡುವ ಕೆಲಸ ನಡೆಯುವುದು ಇನ್ನೊಂದೂರಿನಲ್ಲಿ. ಹೀಗಾದಾಗ ಕೆಲಸವನ್ನು ನಿಲ್ಲಿಸದೆ ಕಡತವನ್ನು ನೋಡುವುದು ಹೇಗೆ? ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಅದು ಮುಗಿಯುವ ಮೊದಲೇ ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳು ಗಣಕಯಂತ್ರಗಳೊಡನೆ ಹುಟ್ಟಿದವೆಂದು ಅನೇಕರು ತಿಳಿದಿದ್ದಾರೆ. ಅವು ನಮ್ಮ ತಾಲ್ಲೂಕು ಕಚೇರಿಗಳಷ್ಟು ಹಳೆಯವು ಎಂದು ನನ್ನ ಅಭಿಪ್ರಾಯ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಕೆರೆಗಳನ್ನು ನಂಬಿದ ಸೀಮೆ. ಅನೇಕ ಹಳ್ಳಿಗಳಲ್ಲಿ ಬಾಯಿಮಾತು ತೆಲುಗು, ದಫ್ತರ ಕನ್ನಡ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯದ ಸರ್ವೆ ಆರಂಭವಾದ ಮೇಲೆ ಪ್ರತಿ ಹೊಲಕ್ಕೂ ಒಂದು ನಂಬರು ಬಂದಿತು. ಆ ನಂಬರು ಯಾರದು, ತರಿಯೋ ಖುಷ್ಕಿಯೋ, ಕಂದಾಯವೆಷ್ಟು, ಈ ವರ್ಷದ ಬೆಳೆಯೇನು, ಇದೆಲ್ಲ ಶಾನುಭೋಗರ ಲೆಕ್ಕದಲ್ಲಿರುತ್ತಿತ್ತು. ಲೆಕ್ಕವಿರುತ್ತಿದ್ದುದು ಬಹುಮಟ್ಟಿಗೆ ಅವರ ಮನೆಯಲ್ಲಿ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುವಾಗ ಅವರು ಲೆಕ್ಕದ ಗಂಟನ್ನು ಅಧಿಕಾರಿಗಳ ಮುಂದೆ ತಂದು ಬಿಚ್ಚಬೇಕು. ವರ್ಷದ ವ್ಯವಹಾರವೆಲ್ಲ ಒಟ್ಟಿಗೆ ತನಿಖೆಯಾಗಿ, ಒಟ್ಟಿಗೆ ತೀರ್ಮಾನವಾಗುತ್ತಿತ್ತು. ನಡುವೆ ರೈತನಿಗೆ ಸಂಶಯ ಬಂದರೆ ಶಾನುಭೋಗರ ಜಗಲಿಗೆ ಹೋಗಿ ಕಾಯುವುದೊಂದೇ ದಾರಿ. ಶಾನುಭೋಗರಲ್ಲಿ ಒಳ್ಳೆಯವರೂ ಇದ್ದರು, ಕೆಟ್ಟವರೂ ಇದ್ದರು. ಆದರೆ ಅವರ ಪ್ರಭಾವಕ್ಕೆ ಮೂಲ ಒಳ್ಳೆಯತನವೂ ಅಲ್ಲ, ಕೆಟ್ಟತನವೂ ಅಲ್ಲ. ಕಡತ ಅವರ ಮನೆಯಲ್ಲಿತ್ತು, ಅಷ್ಟೆ.

ಗಣಕಯಂತ್ರದ ಚರಿತ್ರೆಯೂ ಇಂಥದೊಂದು ಜಮಾಬಂದಿಯಿಂದಲೇ ಆರಂಭವಾಗುತ್ತದೆ. 1960ರ ದಶಕದಲ್ಲಿ ಯಂತ್ರಗಳು ದುಬಾರಿ, ಬಯಸುವವರು ಬಹಳ ಮಂದಿ. ಆದ್ದರಿಂದ ಲೆಕ್ಕವನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಬರೆದು ಕಿಟಕಿಯಲ್ಲಿ ಕೊಟ್ಟು ಬರಬೇಕಾಗಿತ್ತು. ಒಳಗಿನವರು ಹಲವರ ಕೆಲಸಗಳನ್ನು ಕಂತೆ ಕಟ್ಟಿ ಸರದಿಯಂತೆ ಯಂತ್ರಕ್ಕೆ ಉಣಿಸುವರು. ಇದಕ್ಕೆ ಬ್ಯಾಚ್ ಕೆಲಸವೆಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ 1970ರ ಸುಮಾರಿಗೆ ಬಂದ ಐ.ಬಿ.ಎಂ. 360/44 ಯಂತ್ರವೂ ಈ ಕಾಲದ್ದೇ. ಕೆಲಸ ಒಳಗೆ ಹೋದ ಮೇಲೆ ಹೊರಗಿನವನಿಗೆ ಸುದ್ದಿಯಿಲ್ಲ. ಬೇಕಾದ ಅಂಕಿಅಂಶಗಳನ್ನೆಲ್ಲ ಮೊದಲೇ ಕಟ್ಟಿಕೊಟ್ಟಿರಬೇಕು. ಒಂದು ಮರೆತರೆ ಕೆಲಸ ಕೆಟ್ಟು ಹಿಂದಕ್ಕೆ ಬರುವುದು. ಬುತ್ತಿಯನ್ನು ಮರೆತು ದೂರ ಪ್ರಯಾಣ ಹೊರಟವನ ಪಾಡು ಅದು.

ಯಂತ್ರಗಳು ಅಗ್ಗವಾಗಿ ಮೇಜುಮೇಜಿಗೂ ಬಂದಾಗ ಇನ್ನೊಂದು ವಿಚಿತ್ರ ಕಂಡಿತು. ಅವುಗಳಲ್ಲಿ ಎಷ್ಟೋ ಯಂತ್ರಗಳು ದಿನದ ಬಹುಭಾಗ ಸುಮ್ಮನೆ ಕುಳಿತಿರುತ್ತಿದ್ದುವು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮಿರಾನ್ ಲಿವ್ನಿ, ಮೈಕೇಲ್ ಲಿಟ್ಜ್‌ಕೌ, ಮ್ಯಾಟ್ ಮುಟ್ಕಾ ಎಂಬವರು 1988ರಲ್ಲಿ, ಬಿಡುವಾಗಿರುವ ಯಂತ್ರಗಳನ್ನು ಬೇಟೆಯಾಡಿ ಹಿಡಿಯುವ ಒಂದು ಏರ್ಪಾಡನ್ನು ವಿವರಿಸಿದರು. ಅದಕ್ಕೆ ಕಾಂಡರ್ ಎಂಬ ದೊಡ್ಡ ಹದ್ದಿನ ಹೆಸರು. 2012ರಿಂದ ಅದು ಎಚ್‌.ಟಿ.ಕಾಂಡರ್ ಆಗಿದೆ. ಕೆಲಸವನ್ನು ಯಾರದೋ ಯಂತ್ರದಲ್ಲಿ ನಡೆಸುವುದು. ಯಜಮಾನ ಬಂದು ಕೀಲಿಮಣೆ ಮುಟ್ಟಿದರೆ ಅತಿಥಿ ಜಾಗ ಬಿಟ್ಟು ಏಳುವುದು.

ಪರರ ಮನೆಯಲ್ಲಿ ದುಡಿಯುವ ಈ ಕೆಲಸಕ್ಕೆ ತನ್ನ ಮನೆಯ ಕಡತ ಬೇಕಾದರೆ ಏನು ಮಾಡಬೇಕು? ಅದಕ್ಕಾಗಿ ಕಾಂಡರಿನವರು ಒಂದು 'ನೆರಳನ್ನು' ನೇಮಿಸಿದರು. ಕೆಲಸ ಎಲ್ಲಿಗೇ ಹೋಗಲಿ, ಅದನ್ನು ಕಳುಹಿಸಿದ ಯಂತ್ರದಲ್ಲಿ ಅದರ ನೆರಳು ಕುಳಿತಿರುತ್ತದೆ. ಕಡತದ ಇಷ್ಟು ಭಾಗವನ್ನು ಓದಬೇಕೆಂದು ಅಲ್ಲಿಂದ ಕೆಲಸ ಕೇಳಿದರೆ ಇಲ್ಲಿ ನೆರಳು ಓದಿ ಕಳುಹಿಸುವುದು. ಕಡತ ಮನೆ ಬಿಟ್ಟು ಕದಲುವುದಿಲ್ಲ. ಬೇಕಾದ ಸಾಲು ಮಾತ್ರ ಪ್ರಯಾಣ ಮಾಡುತ್ತದೆ. ಮೊದಲು ಇದಕ್ಕೆ ಕೆಲಸವನ್ನೇ ವಿಶೇಷ ರೀತಿಯಲ್ಲಿ ಹೆಣೆಯಬೇಕಾಗಿತ್ತು. ಮುಂದೆ ಡಗ್ಲಸ್ ಥೇನ್ ಎಂಬವರು ರೂಪಿಸಿದ ಚರ್ಪ್ ಎಂಬ ಸಂಭಾಷಣೆಯ ಕ್ರಮ ಬಂದಿತು. ಚರ್ಪ್ ಎಂದರೆ ಹಕ್ಕಿಯ ಚಿಲಿಪಿಲಿ. ಇದರಿಂದ ಸಾಮಾನ್ಯ ಕೆಲಸವೂ ನಡೆಯುತ್ತಿರುವಾಗಲೇ ಮನೆಯ ಕಡತವನ್ನು ತರಿಸಿಕೊಳ್ಳಬಹುದು, ಹೊಸದನ್ನು ಮನೆಗೆ ಕಳುಹಿಸಬಹುದು. ಇದು ಯಾರೆಂದರೆ ಅವರಿಗೆ ಸಿಗುವ ಸ್ವಾತಂತ್ರ್ಯವಲ್ಲ. ಈ ಅನುಕೂಲ ಬೇಕೆಂದು ಕಳುಹಿಸುವವನು ಮೊದಲೇ ಅರ್ಜಿಯಲ್ಲಿ ಹೇಳಿರಬೇಕು. ಆಗ ಕೆಲಸದ ಕೈಗೆ ಒಂದು ಗುಟ್ಟಿನ ಚೀಟಿ ಸಿಗುತ್ತದೆ. ಅದನ್ನು ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರ ಪತ್ರಿಕೆ ಓದುವವರಿಗೆ ಹಿಡಿಸೀತು. ಕಾಂಡರಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಲಕ್ಷಣಪತ್ರವುಂಟು: ಒಡೆಯನಾರು, ಎಷ್ಟು ನೆನಪಿನ ಜಾಗ ಬೇಕು, ಈಗ ಕಾಯುತ್ತಿದೆಯೋ ನಡೆಯುತ್ತಿದೆಯೋ. ಇದಕ್ಕೆ ಅವರು ಕೊಟ್ಟ ಹೆಸರು ಕ್ಲಾಸ್‌ಆ್ಯಡ್, ಅಂದರೆ ಪತ್ರಿಕೆಯ ವರ್ಗೀಕೃತ ಜಾಹೀರಾತು. ಕೆಲಸವೂ ತನಗೆ ಎಂಥ ಯಂತ್ರ ಬೇಕೆಂದು ಜಾಹೀರಾತು ಕೊಡುತ್ತದೆ, ಯಂತ್ರವೂ ತನಗೆ ಎಂಥ ಕೆಲಸ ಒಪ್ಪಿಗೆಯೆಂದು ಕೊಡುತ್ತದೆ. ನಡುವೆ ಒಬ್ಬ ದಲ್ಲಾಳಿ ಜೋಡಿ ಕೂಡಿಸುತ್ತಾನೆ. ಭಾನುವಾರದ ವಧೂವರರ ಅಂಕಣಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚರ್ಪ್ ಮೂಲಕ ನಡೆಯುವ ಕೆಲಸ ತನ್ನ ಪತ್ರವನ್ನು ತಾನೇ ಓದಿಕೊಳ್ಳಬಹುದು, ಅದರಲ್ಲಿ ಬರೆಯಲೂಬಹುದು. 'ಅರ್ಧ ಮುಗಿಯಿತು' ಎಂದು ಅದು ಬರೆದರೆ ಊರಿನಲ್ಲಿ ಕುಳಿತ ಒಡೆಯನಿಗೆ ಗೊತ್ತಾಗುತ್ತದೆ. ಸಾವಿರಾರು ಕೆಲಸಗಳು ಗಳಿಗೆಗೊಮ್ಮೆ ಹೀಗೆ ವರದಿ ಮಾಡಿದರೆ ದಫ್ತರದವನಿಗೆ ಉಸಿರಾಡಲು ಬಿಡುವಿಲ್ಲ. ಆದ್ದರಿಂದ ವರದಿಯನ್ನು ಹಿಡಿದಿಟ್ಟು ಮುಂದಿನ ಟಪಾಲಿನ ಜೊತೆ ಕಳುಹಿಸುವ ಕ್ರಮವನ್ನೂ ಮಾಡಿದ್ದಾರೆ.

ಕೋಲಾರಕ್ಕೂ ಈ ಹದ್ದಿಗೂ ಇನ್ನೊಂದು ದೂರದ ಸಂಬಂಧವುಂಟು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಿಂದ ಬರುವ ನ್ಯೂಟ್ರಿನೊ ಕಣಗಳ ಗುರುತನ್ನು ಭಾರತ, ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳು ಹಿಡಿದರು. ಇಂದು ಅದೇ ಕಣವನ್ನು ದಕ್ಷಿಣ ಧ್ರುವದ ಹಿಮದೊಳಗೆ ಹುಡುಕುವ ಐಸ್‌ಕ್ಯೂಬ್ ಪ್ರಯೋಗದ ನೇತೃತ್ವ ವಿಸ್ಕಾನ್ಸಿನ್ನಿನದು. ಅದರ ಲೆಕ್ಕಗಳು ನಡೆಯುವುದು ಕಾಂಡರಿನ ಏರ್ಪಾಡಿನಲ್ಲಿ.

ಇನ್ನು ನಮ್ಮ ಹೊಲದ ಕಡತಕ್ಕೆ ಮರಳೋಣ. 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ವಂಶಪಾರಂಪರ್ಯವಾಗಿ ನಡೆಯುವುದು ನಿಂತಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಕಡತ ಮಾತ್ರ ಅವರ ಚೀಲದಲ್ಲೇ ಉಳಿಯಿತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂದಿತು. ಮೊದಲು ತಾಲ್ಲೂಕು ತಾಲ್ಲೂಕಿನಲ್ಲಿದ್ದ ಈ ಭಂಡಾರ ಆಮೇಲೆ ಬೆಂಗಳೂರಿನ ದತ್ತ ಕೇಂದ್ರಕ್ಕೆ ಹೋಯಿತು. ಈಗ ಮುಳಬಾಗಿಲಿನಲ್ಲಿ ಕುಳಿತವರು ತಿದ್ದುವುದು ದೂರದ ಕಡತವನ್ನೇ.

ಇದರಲ್ಲಿ ಪಹಣಿಯ ನಕಲಿಗಿಂತ ದೊಡ್ಡ ಲಾಭವೆಂದು ನಾನು ಎಣಿಸುವುದು ಖಾತೆ ಬದಲಾವಣೆಯ ವಿಚಾರ. ಭಾಗವಾದ ಅಣ್ಣತಮ್ಮಂದಿರ ಅರ್ಜಿ, ತೀರಿಕೊಂಡ ಯಜಮಾನನ ಹೆಂಡತಿಯ ಅರ್ಜಿ, ಇವು ಒಂದು ದಿನದಲ್ಲಿ ಮುಗಿಯುವ ಕೆಲಸಗಳಲ್ಲ. ನೋಟೀಸು, ತಕರಾರಿನ ಅವಧಿ, ಅಧಿಕಾರಿಯ ಆದೇಶ ಎಂದು ಸಾಲಾಗಿ ನಡೆಯಬೇಕು. ಹಿಂದೆ ಈ ನಡುಗಾಲದಲ್ಲಿ ಅರ್ಜಿ ಬದುಕಿದೆಯೋ ಸತ್ತಿದೆಯೋ ಹೇಳುವವರಿರಲಿಲ್ಲ. ಭೂಮಿಯಲ್ಲಿ ಮೊದಲು ಬಂದದ್ದು ಮೊದಲು ಎಂಬ ನಿಯಮ ಮಾಡಿ, ಅರ್ಜಿಯ ಸ್ಥಿತಿಯನ್ನು ಯಾರು ಬೇಕಾದರೂ ಕೇಳುವಂತೆ ಮಾಡಿದರು. ತಿದ್ದುವ ಅಧಿಕಾರಿಯೋ ಬೆರಳಿನ ಗುರುತು ಕೊಟ್ಟೇ ಒಳಗೆ ಹೋಗಬೇಕು. ಕೈ ಯಾರದೆಂಬುದು ಉಳಿಯುತ್ತದೆ.

ವಿಧವೆಗೆ ಖಾತೆಯಾಗದಿದ್ದರೆ ಬ್ಯಾಂಕಿನಲ್ಲಿ ಬೆಳೆಸಾಲವಿಲ್ಲ. ಮಳೆ ಅವಳಿಗಾಗಿ ಕಾಯುವುದೂ ಇಲ್ಲ. ಅವಳಿಗೆ ಬೇಕಾದದ್ದು ಕಡತ ಹತ್ತಿರವಿರುವುದಲ್ಲ. ಶಾನುಭೋಗರ ಕಾಲದಲ್ಲಿ ಅದು ಪಕ್ಕದ ಬೀದಿಯಲ್ಲೇ ಇದ್ದಿತು. ಕೇಳಿದರೆ ಉತ್ತರ ಬರಬೇಕು, ಬರೆದವರು ಯಾರೆಂದು ತಿಳಿಯಬೇಕು. ಬಳಪದ ಬರಹವನ್ನು ಒರೆಸಿದವನ ಗುರುತು ಬಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ. ಹೊಸ ಕಡತವನ್ನೂ ಒರೆಸಬಹುದು. ಒರೆಸಿದ ಕೈಯ ಗುರುತು ನಿಂತಷ್ಟು ಕಾಲ ಮಾತ್ರ ಅದು ಹಳೆಯದಕ್ಕಿಂತ ಮೇಲು.