ಬೆಲೆ ಏರುತ್ತಿದ್ದ ರಾತ್ರಿಗಳು

ಮುಂಬೈಯಲ್ಲಿ ನಾನು ಚಿಕ್ಕವನಿದ್ದಾಗ, ‘ಮಧ್ಯರಾತ್ರಿಯಿಂದ ಪೆಟ್ರೋಲ್ ತುಟ್ಟಿ’ ಅಂತ ಸುದ್ದಿ ಬಂದ್ರೆ ಸಾಕು, ಅಪ್ಪ ಊಟ ಬಿಟ್ಟು ಸ್ಕೂಟರ್ ತಗೊಂಡು ಪಂಪಿಗೆ ಓಡೋರು. ಉಳಿಯುತ್ತಿದ್ದದ್ದು ನಾಲ್ಕಾರು ರೂಪಾಯಿ. ಆದರೆ ಸಾಲಿನಲ್ಲಿ ನಿಂತವರೆಲ್ಲ ಸೇರಿ ಸರ್ಕಾರವನ್ನು ಬೈಯುತ್ತಿದ್ದರು.

ಯಾಕಂದ್ರೆ ಆಗ ಬೆಲೆ ಕಟ್ಟುತ್ತಿದ್ದದ್ದು ಸರ್ಕಾರವೇ. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ಶುರುವಾಯ್ತು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಜನವರಿಗೆ 12ರ ಹತ್ತಿರ ಹೋಯ್ತು. ನಮ್ಮಲ್ಲೂ ಪೆಟ್ರೋಲ್ ಏರಿತು. ಆ ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಏರಿಸಿದ್ದು ಯಾರು ಅಂತ ಗೊತ್ತಿತ್ತು, ಅದಕ್ಕೇ ಗಾಡಿ ಎಲ್ಲಿಗೆ ಹೊಡೀಬೇಕು ಅನ್ನೋದೂ ಗೊತ್ತಿತ್ತು.

2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ನಿಯಂತ್ರಣ ಹೋಯ್ತು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಹೊಸ ದರ. ಇಪ್ಪತ್ತು ಪೈಸೆ, ಮೂವತ್ತು ಪೈಸೆ. ಹೀಗೇ 2021ರ ಮೇ ಕೊನೆಗೆ ಮುಂಬೈಯಲ್ಲಿ ಲೀಟರಿಗೆ ನೂರು ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೇಂದ್ರ, ರಾಜ್ಯಗಳ ತೆರಿಗೆ. ಅಂದ್ರೆ ಬೆಲೆಯಲ್ಲಿ ಸರ್ಕಾರ ಇತ್ತು, ಬೆಲೆ ಏರಿಸುವ ದಿನ ಮಾತ್ರ ಇರಲಿಲ್ಲ.

ಆವತ್ತು ನಾನೂ ಟ್ಯಾಂಕ್ ತುಂಬಿಸಿಕೊಂಡು ಬಂದೆ. ಪಂಪಿನಲ್ಲಿ ಸಾಲಿರಲಿಲ್ಲ, ಜೊತೆಗೆ ನಿಂತು ಬೈಯೋರೂ ಇರಲಿಲ್ಲ.