ಕೊಂಕಣ ರೈಲು: ಗಡುವು ಮತ್ತು ಗುಡ್ಡ

ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲೇ ಹೋಗುವೆನೆಂದು ಹಟ ಹಿಡಿದವನು ಒಂದು ಕಾಲದಲ್ಲಿ ಘಟ್ಟ ಹತ್ತಿ, ದಕ್ಷಿಣವನ್ನೆಲ್ಲ ಬಳಸಿ, 2041 ಕಿಲೋಮೀಟರು ಸುತ್ತಬೇಕಾಗಿತ್ತು. ಕರಾವಳಿಯ ನೇರ ಹಾದಿ ಅದರ ಅರ್ಧಕ್ಕಿಂತ ಕಡಿಮೆ, 914 ಕಿಲೋಮೀಟರು. ಈ ಹಾದಿ ಬೇಕೆಂಬ ಬೇಡಿಕೆ ಹಳೆಯದು, ಮನವಿಗಳಿಗೂ ಲೆಕ್ಕವಿಲ್ಲ. ಆದರೂ ಕೆಲಸ ಆಮೆಯ ನಡಿಗೆಯಲ್ಲಿತ್ತು. 1966ರಲ್ಲಿ ಆಪ್ಟಾ ಮುಟ್ಟಿದ ಹಳಿ ಅದೇ ಜಿಲ್ಲೆಯ ರೋಹಾ ಮುಟ್ಟಿದ್ದು 1986ರಲ್ಲಿ. ಆ ಅಲ್ಪ ದೂರಕ್ಕೆ ಇಪ್ಪತ್ತು ವರ್ಷ!

ಹಾಗಿರುವಾಗ ಗುಡ್ಡಗಳೂ ಹೊಳೆಗಳೂ ತುಂಬಿದ ಮುಂದಿನ 760 ಕಿಲೋಮೀಟರು ಎಂಟು ವರ್ಷದೊಳಗೆ ಹೇಗೆ ಮುಗಿಯಿತು? ಇಂಜಿನಿಯರುಗಳ ಜಾಣತನವೆಂಬ ಉತ್ತರ ಅರ್ಧ ಮಾತ್ರ ಸರಿ. ಕಡತಗಳ ನಡುವೆ ಬಾಳು ಸವೆಸುವ ನಮ್ಮಂಥವರಿಗೆ ಉಳಿದರ್ಧವೇ ಹೆಚ್ಚು ಕುತೂಹಲದ್ದು.

1990ರಲ್ಲಿ ಗ್ರಹಗತಿ ಕೂಡಿಬಂತೆನ್ನಬೇಕು. ರೈಲ್ವೆ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ ಕೊಂಕಣದ ರಾಜಾಪುರದಿಂದ ಗೆದ್ದುಬಂದ ಮಧು ದಂಡವತೆ. ಯೋಜನಾ ಆಯೋಗದ ಉಪಾಧ್ಯಕ್ಷರು ನಮ್ಮ ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ. ಮೂವರ ಮೇಜೂ ಕರಾವಳಿಯ ಕಡೆಗೆ ವಾಲಿತ್ತು. ಆದರೆ ಒಲವು ಮಾತ್ರ ಸಾಲದೆಂಬುದನ್ನು ಅವರು ಬಲ್ಲರು. ಇಲಾಖೆಯ ವಾರ್ಷಿಕ ಬಜೆಟ್ಟಿನ ಕೈಗೆ ಕೊಟ್ಟರೆ ಮತ್ತೆ ಆಪ್ಟಾ–ರೋಹಾದ ಕಥೆಯೇ. ಆದ್ದರಿಂದ ಅದೇ ವರ್ಷದ ಜುಲೈನಲ್ಲಿ ಪ್ರತ್ಯೇಕ ನಿಗಮವೊಂದು ಹುಟ್ಟಿತು. ಬಂಡವಾಳದಲ್ಲಿ ರೈಲ್ವೆಯ ಪಾಲು ಶೇಕಡಾ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ಹಣವನ್ನು ಬಾಂಡುಗಳ ಮೂಲಕ ಪೇಟೆಯಿಂದ ಎತ್ತಬೇಕಾಗಿತ್ತು.

ಈ ಸಾಲದಲ್ಲೇ ಗುಟ್ಟಿದೆ ಎಂಬುದು ನಮ್ಮ ಎಣಿಕೆ. ಇಲಾಖೆಯ ಕೆಲಸ ತಡವಾದರೆ ಕಡತದಲ್ಲಿ ಒಂದು ಟಿಪ್ಪಣಿ ಹೆಚ್ಚುತ್ತದೆ, ಅಷ್ಟೆ. ಸಾಲದ ಕೆಲಸ ತಡವಾದರೆ ಬಡ್ಡಿ ಬೆಳೆಯುತ್ತದೆ. ವಿಳಂಬಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟಿದ ಮೇಲೆ ಯಾರಿಗೂ ಸುಮ್ಮನೆ ಕೂರುವುದು ಸಾಧ್ಯವಾಗಲಿಲ್ಲ.

ನಿಗಮದ ಮುಖ್ಯಸ್ಥರಾಗಿ ಬಂದವರು ಆಗಷ್ಟೇ ರೈಲ್ವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್, 1964ರ ಚಂಡಮಾರುತದಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ನಿಲ್ಲಿಸಿದವರು. ಅವರು ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಮುಖ್ಯ ಇಂಜಿನಿಯರರನ್ನು ನೇಮಿಸಿ, ತೀರ್ಮಾನದ ಅಧಿಕಾರವನ್ನು ಸ್ಥಳದಲ್ಲೇ ಇಟ್ಟರು. ಕಾರವಾರ ಮತ್ತು ಉಡುಪಿ ಅಂಥ ಎರಡು ವಿಭಾಗಗಳು. ಕಂಟ್ರಾಕ್ಟರರ ಬಿಲ್ಲಿನ ಬಹುಭಾಗ ಪೂರ್ಣ ತನಿಖೆಗೆ ಮೊದಲೇ ಪಾವತಿಯಾಗುತ್ತಿತ್ತು. ಹೆಚ್ಚುಕಡಿಮೆಯನ್ನು ಆಮೇಲೆ ಸರಿಹೊಂದಿಸುವುದು. ನಮ್ಮ ಕಚೇರಿಗಳಲ್ಲಿ ಇಂಥ ಸೂಚನೆ ಮಂಡಿಸಿದರೆ ಆಕ್ಷೇಪದ ಚೀಟಿ ಬಿಲ್ಲಿಗಿಂತ ಉದ್ದವಾದೀತು! ಕಚೇರಿಯ ಗೋಡೆಗಳಲ್ಲಿ ಗಡುವಿಗೆ ಉಳಿದ ದಿನಗಳನ್ನು ಹಿಂದಕ್ಕೆ ಎಣಿಸುವ ಗಡಿಯಾರಗಳಿದ್ದವು. ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಎರಡು ಸಾವಿರದಷ್ಟು ಸೇತುವೆಗಳು. ಹೊನ್ನಾವರದಲ್ಲಿ ಶರಾವತಿಯ ಮೇಲಿನದೇ ಎರಡು ಕಿಲೋಮೀಟರಿಗೂ ಉದ್ದ. ಮಂಗಳೂರಿನಿಂದ ಉಡುಪಿಗೆ 1993ರ ಮಾರ್ಚಿನಲ್ಲೇ ರೈಲು ಓಡಿತು.

ಆದರೂ ಗಡುವು ತಪ್ಪಿತು. ಐದು ವರ್ಷದ ಮಾತು ಏಳೂವರೆಯಾಯಿತು. ಗೋವೆಯಲ್ಲಿ ಮಾರ್ಗದ ಬಗ್ಗೆ ಚಳವಳಿ ಎದ್ದು, 1993ರಲ್ಲಿ ಅಲ್ಲಿಯ ಕೆಲಸ ಕೆಲವು ತಿಂಗಳು ನಿಂತಿತು. ಹಳ್ಳಿಯವರ ಗದ್ದೆ, ಕೆರೆ, ದೇವಸ್ಥಾನಗಳ ಕಾಳಜಿಯನ್ನು ಕೇವಲ ಅಡ್ಡಿಯೆಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಲ್ಲ. ಮಾತುಕತೆಗೆ ಬೇಕಾದ ಕಾಲವನ್ನು ಐದು ವರ್ಷದ ಲೆಕ್ಕದಲ್ಲಿ ಹಿಡಿದಿರಲಿಲ್ಲ, ಅಷ್ಟೆ. ಇನ್ನು ಪೆರ್ನೆಮ್ ಸುರಂಗ: ಕಲ್ಲನ್ನು ಕೊರೆಯಲು ತಂದ ಯಂತ್ರಗಳು ಅಲ್ಲಿಯ ನೀರೂರಿದ ಮೆತ್ತನೆಯ ಜೇಡಿಯ ಮುಂದೆ ಕೈಚೆಲ್ಲಿದವು. ಕೊರೆದಷ್ಟೂ ಕುಸಿಯುತ್ತಿತ್ತು. ಜೀವಗಳೂ ಹೋದವು. ಈ ಮಾರ್ಗಕ್ಕಾಗಿ ಪ್ರಾಣ ತೆತ್ತ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ. ಉದ್ಘಾಟನೆಯ ಭಾಷಣಗಳನ್ನು ಮೆಲುಕು ಹಾಕುವವರು ಅದನ್ನೂ ಒಮ್ಮೆ ನೋಡಿಬರಬೇಕು. 1998ರ ಜನವರಿ 26ರಂದು ಪೂರ್ಣ ಮಾರ್ಗ ತೆರೆಯಿತು. ಮತ್ಸ್ಯಗಂಧ ಬಂತು. ಊರಿಗೆ ಹೋಗುವುದು ಒಂದು ರಾತ್ರಿಯ ಮಾತಾಯಿತು.

ಗಡಿಯಾರ ಎಣಿಸದೆ ಬಿಟ್ಟದ್ದು ಇನ್ನೊಂದಿತ್ತು. ಹಳಿಗಾಗಿ ಸೀಳಿದ ಗುಡ್ಡಗಳ ಇಳಿಜಾರು ಹಲವೆಡೆ ಕಡಿದಾಗಿತ್ತು. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಬಳಿ, ಗುಡ್ಡ ಜಾರಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ರಜಾಕಾಲದ ರೈಲು ಬಡಿದು, ಐವತ್ತರಷ್ಟು ಜನ ಸತ್ತರು. ಮುಂದಿನ ವರ್ಷ ಜೂನಿನಲ್ಲೇ ಮತ್ಸ್ಯಗಂಧಕ್ಕೂ ಬಂಡೆಯ ಗಂಡಾಂತರ ಒದಗಿತು. ಕಟ್ಟುವಾಗ ಉಳಿದ ದಿನಗಳನ್ನು ಗುಡ್ಡ ಮಳೆಗಾಲದಲ್ಲಿ ವಸೂಲು ಮಾಡಿತೆಂದರೆ ಕಠೋರವೆನಿಸಬಹುದು. ನಮಗೆ ಹಾಗೆಯೇ ತೋರುತ್ತದೆ. ಆಮೇಲೆ ಇಳಿಜಾರುಗಳನ್ನು ತಗ್ಗಿಸಿದರು, ಬಂಡೆ ತಡೆಯುವ ಬಲೆಗಳನ್ನು ಹೊದಿಸಿದರು.

ಈಗ ಮಳೆ ಹಿಡಿದೊಡನೆ ಈ ಮಾರ್ಗಕ್ಕೆ ಬೇರೆಯೇ ವೇಳಾಪಟ್ಟಿ. ರೈಲುಗಳು ನಿಧಾನವಾಗಿ ಹೋಗುತ್ತವೆ, ಗಸ್ತಿನವರು ಹಗಲೂ ರಾತ್ರಿಯೂ ಹಳಿಯುದ್ದಕ್ಕೆ ನಡೆಯುತ್ತಾರೆ. ಜುಲೈಯಲ್ಲಿ ಊರಿಗೆ ಹೊರಡುವವರು ಮನೆಯವರಿಗೆ ಗಂಟೆ ತಿಳಿಸುವ ಮುನ್ನ ಆ ಪಟ್ಟಿಯನ್ನು ನೋಡಿಕೊಳ್ಳುವುದು ಲೇಸು.